ಕೆಂಪೇಗೌಡರ ಕೆರೆ, ನಮ್ಮೂರಿನ ನೀರು

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಕಡೆಯಿಂದ ಬಂದಿರೋ ನಾವು ರಜೆಗೆ ಊರಿಗೆ ಹೊರಟಾಗ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತೇವೆ. ಆ ಜಾಗ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ. ಬಸ್ ಸ್ಟ್ಯಾಂಡಿಗೆ ಯಾರ ಹೆಸರಿದೆಯೋ, ಆ ಕೆರೆಯ ಜೊತೆಗೂ ಅವರ ಹೆಸರೇ ಸೇರಿಕೊಂಡಿದೆ.

ಹಿರಿಯ ಕೆಂಪೇಗೌಡರು ಹುಟ್ಟಿದ್ದು 1510ರಲ್ಲಿ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅವರದು ಯಲಹಂಕ ನಾಡಪ್ರಭುಗಳ ಮನೆತನ, ವಿಜಯನಗರದ ಸಾಮಂತರು. 1537ರಲ್ಲಿ ಅವರು ಬೆಂಗಳೂರಿನ ಮಣ್ಣಿನ ಕೋಟೆ ಕಟ್ಟಿಸಿದರು. ಚಿಕ್ಕಪೇಟೆ, ದೊಡ್ಡಪೇಟೆ ಸೇರುವ ಕಡೆಯಿಂದ ನಾಲ್ಕು ದಿಕ್ಕಿಗೆ ಎತ್ತು ಹೂಡಿಸಿ ಬೀದಿಗಳ ಗೆರೆ ಎಳೆಸಿದರು ಅಂತ ಜನ ಇವತ್ತಿಗೂ ಹೇಳ್ತಾರೆ. ಅಕ್ಕಿಗೆ ಅಕ್ಕಿಪೇಟೆ, ಮಡಕೆ ಮಾಡೋರಿಗೆ ಕುಂಬಾರಪೇಟೆ, ಹೀಗೆ ಕಸುಬಿಗೊಂದು ಪೇಟೆ.

ಆದರೆ ಪೇಟೆ ಇದ್ದರೆ ಸಾಲದು, ನೀರು ಬೇಕಲ್ಲ? ಬೆಂಗಳೂರು ಎತ್ತರದ ದಿಣ್ಣೆ ಮೇಲಿದೆ, ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಅದಕ್ಕೆ ತಗ್ಗಿನಲ್ಲಿ ಏರಿ ಹಾಕಿ ಮಳೆ ನೀರು ನಿಲ್ಲಿಸೋದೇ ದಾರಿ. ಗವಿಪುರದ ಹತ್ತಿರದ ಕೆಂಪಾಂಬುಧಿ ಕೆರೆ ಹಾಗೆ ಹುಟ್ಟಿದ್ದು. ಒಂದು ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆಗೆ ಹೋಗುತ್ತೆ. ಪಂಪ್ ಇಲ್ಲ, ಕರೆಂಟ್ ಇಲ್ಲ, ಬರೀ ಇಳಿಜಾರು.

ಅವರ ಬದುಕು ಸಲೀಸಾಗೇನೂ ಇರಲಿಲ್ಲ. ಸ್ವಂತ ನಾಣ್ಯ ಟಂಕಿಸಿದರು ಅನ್ನೋ ಕಾರಣಕ್ಕೆ ವಿಜಯನಗರದ ಅರಸರು ಅವರನ್ನು ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟರು. ಐದು ವರ್ಷದ ಮೇಲೆ ಬಿಡುಗಡೆಯಾಯಿತು ಎನ್ನುತ್ತಾರೆ. ವಾಪಸ್ ಬಂದು ಮತ್ತೆ ಊರಿನ ಕೆಲಸಕ್ಕೇ ನಿಂತರು. 1569ರಲ್ಲಿ ತೀರಿಕೊಂಡರು. ಅವರದೆಂದು ಗುರುತಿಸಿರುವ ಸಮಾಧಿ ಇರೋದು ನಮ್ಮ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ.

ಅವರು ಬಳಸಿದ ಇಳಿಜಾರು ಇವತ್ತೂ ಕೆಲಸ ಮಾಡ್ತಾ ಇದೆ, ಹರಿಯೋದು ಮಾತ್ರ ಬೇರೆ. ಕೆಂಪಾಂಬುಧಿ ಇರೋದು ವೃಷಭಾವತಿ ಕಣಿವೆಯಲ್ಲಿ. ನಗರದ ಚರಂಡಿ ನೀರು ಹೊತ್ತ ವೃಷಭಾವತಿ ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು, ಮುಂದೆ ಕನಕಪುರದ ಕಡೆ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತೆ. ಅಂದ್ರೆ ಅಲ್ಲಿ ಫ್ಲಶ್ ಮಾಡಿದ್ದು ನಮ್ಮ ಹೊಲಕ್ಕೆ.

ಕೆರೆಗೆ ಕೊಳಚೆ ಸೇರಿದೆಯಾ ಅಂತ ಮೂಗು ಹೇಳೋ ಮುಂಚೆಯೇ ಕಂಡುಹಿಡಿಯಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚು ಇರಬೇಕು. ಬಿಒಡಿ 3 ಮಿಲಿಗ್ರಾಂ ಮೀರಬಾರದು. ಇದನ್ನು ನೀರಿನ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟು ಅಳೆಯುತ್ತಾರೆ. ಮಲದಿಂದ ಬರೋ ಕೋಲಿಫಾರ್ಮ್ 100 ಮಿಲಿಲೀಟರಿಗೆ 2500 ದಾಟಬಾರದು. ಅಮೋನಿಯಾ ಜಾಸ್ತಿ ಇದ್ದರೆ ಹೊಸ ಕೊಳಚೆ ಬರ್ತಾ ಇರಬಹುದು ಅಂತ ಅನುಮಾನ ಪಡಬೇಕು.

ಒಂದು ಎಚ್ಚರ: ಮಧ್ಯಾಹ್ನ ಹೋಗಿ ಅಳೆದರೆ ಮೋಸ ಹೋಗ್ತೀವಿ. ಬಿಸಿಲಿಗೆ ಪಾಚಿ ಆಮ್ಲಜನಕ ಬಿಡೋದರಿಂದ ರೀಡಿಂಗ್ ಚೆನ್ನಾಗೇ ಬರುತ್ತೆ. ರಾತ್ರಿಯೆಲ್ಲ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತೆ. ಹಾಗಾಗಿ ಸೂರ್ಯ ಹುಟ್ಟೋ ಹೊತ್ತಿಗೆ ತೆಗೆದ ಮಾದರಿ ನಿಜ ಹೇಳುತ್ತೆ. ಕೆರೆಯ ನಡುವಿಗಿಂತ ನೀರು ಒಳಗೆ ಬರೋ ಬಾಯಲ್ಲಿ ಅಳೆದರೆ ಕೊಳಚೆ ಯಾವ ಕಡೆಯಿಂದ ಬಂತು ಅನ್ನೋದೂ ಗೊತ್ತಾಗುತ್ತೆ.

ಕೆಂಪೇಗೌಡರ ಜಯಂತಿಗೆ ನಾವು ಪ್ರತಿಮೆಗೆ ಹಾರ ಹಾಕ್ತೀವಿ, ಸ್ಟೇಟಸ್ ಹಾಕ್ತೀವಿ. ಈ ಸಲ ಒಂದು ದಿನ ಬೆಳಗ್ಗೆ ಬೇಗ ಎದ್ದು, ಬಾಟಲಿ ಹಿಡಿದು ಅವರ ಕೆರೆ ಹತ್ತಿರವೂ ಹೋಗೋಣ. ಬರ್ತೀರಾ?