ಉಸಿರಿನ ದಾರಿ ಕಾಯ್ದ ಡಾಕ್ಟರ್ ಮ್ಯಾಗಿಲ್

ಶ್ವಾಸನಾಳದ ಬಾಯಿಗೆ ಎಪಿಗ್ಲಾಟಿಸ್ ಎಂಬ ಪುಟ್ಟ ಮುಚ್ಚಳವಿದೆ ಎಂದು ಜೀವಶಾಸ್ತ್ರದಲ್ಲಿ ಓದಿದ್ದೇವೆ. ನುಂಗಿದ ಅನ್ನ ಶ್ವಾಸಕೋಶಕ್ಕೆ ಹೋಗದಂತೆ ತಡೆಯುವುದು ಅದರ ಕೆಲಸ. ಅರಿವಳಿಕೆ ಕೊಟ್ಟಾಗ ಈ ಕಾವಲು ಸಡಿಲವಾಗುತ್ತದೆ. ನಾಲಿಗೆ ಹಿಂದಕ್ಕೆ ಜಾರುತ್ತದೆ, ರಕ್ತವೋ ವಾಂತಿಯೋ ಒಳಗೆ ಇಳಿಯಬಹುದು. ಕೆಲವೇ ನಿಮಿಷ ಆಮ್ಲಜನಕ ಸಿಗದಿದ್ದರೆ ಮೆದುಳಿಗೇ ಹಾನಿ. ಈ ಅಪಾಯದೊಂದಿಗೆ ಬದುಕಿಡೀ ಗುದ್ದಾಡಿದವರು ಸರ್ ಐವನ್ ಮ್ಯಾಗಿಲ್.

ಅವರು ಹುಟ್ಟಿದ್ದು 1888ರಲ್ಲಿ, ಐರ್ಲೆಂಡಿನ ಲಾರ್ನ್‌ನಲ್ಲಿ. ಬೆಲ್‌ಫಾಸ್ಟ್‌ನಲ್ಲಿ ಓದಿ ಡಾಕ್ಟರಾದರು, ಮೊದಲ ಮಹಾಯುದ್ಧದಲ್ಲಿ ಸೈನ್ಯದಲ್ಲಿ ದುಡಿದರು. 1919ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನ ಕ್ವೀನ್ಸ್ ಆಸ್ಪತ್ರೆಗೆ ಅರಿವಳಿಕೆ ಕೊಡಲು ಅವರನ್ನು ಕಳುಹಿಸಿದರು. ಆ ವಿದ್ಯೆಯಲ್ಲಿ ಅವರಿಗೆ ವಿಶೇಷ ತರಬೇತಿಯೇ ಇರಲಿಲ್ಲ! ಅಲ್ಲಿದ್ದವರೋ ಗುಂಡು, ಶೆಲ್‌ಗಳಿಗೆ ದವಡೆ, ಮೂಗು ಕಳೆದುಕೊಂಡ ಸೈನಿಕರು. ಸರ್ಜನ್ ಹೆರಾಲ್ಡ್ ಗಿಲ್ಲಿಸ್ ಅವರ ಮುಖಗಳನ್ನು ಮತ್ತೆ ಕಟ್ಟುತ್ತಿದ್ದರು. ಆಪರೇಷನ್ನೇ ಮುಖಕ್ಕೆ ಎಂದಮೇಲೆ ಈಥರ್ ಮಾಸ್ಕ್ ಇಡುವುದೆಲ್ಲಿ?

ಮ್ಯಾಗಿಲ್ ಮತ್ತು ಜೊತೆಗಾರ ಸ್ಟ್ಯಾನ್ಲಿ ರೋಬಾಥಮ್ ಮೊದಲು ಸಣ್ಣ ನಳಿಕೆಯಿಂದ ಈಥರ್ ಆವಿಯನ್ನು ಶ್ವಾಸನಾಳಕ್ಕೆ ಊದಿದರು. ಹೊರಬಂದ ಆವಿ ಸರ್ಜನ್ ಮುಖಕ್ಕೇ ಬಡಿಯುತ್ತಿತ್ತು. ಗಾಳಿ ಹೊರಬರಲು ಇನ್ನೊಂದು ನಳಿಕೆ ಹಾಕಿದರು. ಕೊನೆಗೆ ಒಂದೇ ಅಗಲವಾದ ರಬ್ಬರ್ ನಳಿಕೆ ಸಾಕೆಂದು ಕಂಡುಕೊಂಡರು: ಉಸಿರು ಒಳಗೂ ಹೊರಗೂ ಅದರಲ್ಲೇ. ಸುರುಳಿ ಸುತ್ತಿದ ರಬ್ಬರ್ ಪೈಪನ್ನು ಕತ್ತರಿಸಿಕೊಂಡರೆ ಗಂಟಲಿಗೆ ಬೇಕಾದ ಬಾಗು ತಾನಾಗಿ ಬರುತ್ತಿತ್ತು. ನನಗೆ ಬಹಳ ಇಷ್ಟವಾದದ್ದು ಈ ಉಪಾಯವೇ.

ನಳಿಕೆಯನ್ನು ಗಂಟಲಲ್ಲಿ ಹಿಡಿದು ಸಾಗಿಸಲು 1920ರಲ್ಲಿ ಅವರು ಒಂದು ಬಾಗಿದ ಇಕ್ಕಳ ಮಾಡಿದರು. ಹಿಡಿದ ಕೈ ನೋಟಕ್ಕೆ ಅಡ್ಡ ಬರದಿರಲೆಂದೇ ಆ ಬಾಗು. ನನ್ನ ಅಕ್ಕ ಅನಸ್ತೇಶಿಯಾ ಟೆಕ್ನಾಲಜಿ ಓದುತ್ತಿದ್ದಾಳೆ. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ತೆಗೆಯಲೂ ಅದೇ ಬೇಕು, ಹಾಗಾಗಿ ತುರ್ತು ಟ್ರೇಯಲ್ಲಿ ಅದು ಇರಲೇಬೇಕು ಎನ್ನುತ್ತಾಳೆ. ಅವರ ತರಗತಿಯವರು ಮೊದಲು ಬೊಂಬೆಯ ಮೇಲೆ ನಳಿಕೆ ಹಾಕಿ ಹಾಕಿ ಕೈ ಪಳಗಿಸಿಕೊಳ್ಳುತ್ತಾರಂತೆ. ಮ್ಯಾಗಿಲ್‌ಗೆ ಆ ಭಾಗ್ಯ ಇರಲಿಲ್ಲ.

ಬಹುಶಃ ಅದಕ್ಕೇ ಇರಬೇಕು, ಅರಿವಳಿಕೆ ಕೊಡುವವರಿಗೆ ಪ್ರತ್ಯೇಕ ಪರೀಕ್ಷೆ ಬೇಕೆಂದು ಅವರು ಶ್ರಮಿಸಿದರು. ಬ್ರಿಟನ್ನಿನಲ್ಲಿ ಅನಸ್ತೇಶಿಯಾ ಡಿಪ್ಲೊಮಾದ ಮೊದಲ ಪರೀಕ್ಷೆ 1935ರಲ್ಲಿ ನಡೆಯಿತು. 1960ರಲ್ಲಿ ಸರ್ ಪದವಿ ಬಂತು. 1986ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಇಕ್ಕಳ ಮಾತ್ರ ಇಂದಿಗೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿ, ಅವರದೇ ಹೆಸರಲ್ಲಿ ಆಪರೇಷನ್ ಥಿಯೇಟರುಗಳಲ್ಲಿದೆ.