ಪುಸ್ತಕಕ್ಕಿಂತ ಕಣ್ಣನ್ನು ನಂಬಿದ ವೆಸೇಲಿಯಸ್



ಪಿಯುಸಿ ವಿಜ್ಞಾನಕ್ಕೆ ಸೇರುವ ನಮ್ಮ ಉರ್ದು ಹಾಗೂ ಕನ್ನಡ ಮಾಧ್ಯಮದ ಮಕ್ಕಳು ದೇಹದ ಭಾಗಗಳ ಉದ್ದುದ್ದ ಹೆಸರುಗಳನ್ನು ಕಂಡು ಹೆದರುತ್ತಾರೆ. ಕೆಲವರು ಅಷ್ಟಕ್ಕೇ ವಿಜ್ಞಾನವನ್ನೇ ಬಿಟ್ಟುಬಿಡುತ್ತಾರೆ. ಆಧುನಿಕ ಅಂಗರಚನಾಶಾಸ್ತ್ರದ ಪಿತಾಮಹ ಆಂಡ್ರಿಯಾಸ್ ವೆಸೇಲಿಯಸ್ ಅವರ ಜೀವನವನ್ನು ತಿಳಿದರೆ ಈ ಹೆದರಿಕೆ ಅರ್ಧ ಕಡಿಮೆಯಾದೀತು.

ವೆಸೇಲಿಯಸ್ 1514ರ ಡಿಸೆಂಬರ್ 31ರಂದು ಬ್ರಸೆಲ್ಸ್ ನಗರದಲ್ಲಿ ಜನಿಸಿದರು. ತಂದೆ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಆಸ್ಥಾನದಲ್ಲಿ ಔಷಧ ತಯಾರಿಸುವವರು. ಮಗ ಪ್ಯಾರಿಸ್‌ನಲ್ಲಿ ವೈದ್ಯಶಾಸ್ತ್ರ ಕಲಿತರು. 1537ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಯಾವುದು ಗೊತ್ತೇ? ಮಹಾನ್ ವೈದ್ಯ ಅಲ್ ರಾಝಿಯವರ ಗ್ರಂಥದ ಒಂಬತ್ತನೇ ಭಾಗದ ವಿವರಣೆ! ಅದೇ ವರ್ಷ ಇಟಲಿಯ ಪಾದುವಾದಲ್ಲಿ ಪದವಿ ಪಡೆದು ಅಲ್ಲಿಯೇ ಅಧ್ಯಾಪಕರಾದರು. ಆಗ ಅವರಿಗೆ 23 ವರ್ಷ ತುಂಬಿರಲಿಲ್ಲ.

ಆ ಕಾಲದಲ್ಲಿ ಗುರುಗಳು ಎತ್ತರದ ಪೀಠದಲ್ಲಿ ಕುಳಿತು ಪ್ರಾಚೀನ ವೈದ್ಯ ಗ್ಯಾಲೆನ್‌ನ ಗ್ರಂಥ ಓದುತ್ತಿದ್ದರು; ಶವ ಕೊಯ್ಯುವುದು ಕ್ಷೌರಿಕರ ಕೆಲಸವಾಗಿತ್ತು. ವೆಸೇಲಿಯಸ್ ಪೀಠದಿಂದ ಇಳಿದು ತಾವೇ ಕತ್ತಿ ಹಿಡಿದರು. ಗ್ಯಾಲೆನ್ ಕೊಯ್ದು ನೋಡಿದ್ದು ಮಂಗ ಮೊದಲಾದ ಪ್ರಾಣಿಗಳನ್ನು. ಆದ್ದರಿಂದಲೇ ಅವನ ಗ್ರಂಥದಲ್ಲಿ ಮನುಷ್ಯನ ಕೆಳದವಡೆ ಎರಡು ಎಲುಬುಗಳದ್ದೆಂದಿತ್ತು. ವೆಸೇಲಿಯಸ್ ಅದು ಒಂದೇ ಎಲುಬು ಎಂದು ತೋರಿಸಿದರು. ಅವರಿಗಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಅಬ್ದುಲ್ ಲತೀಫ್ ಅಲ್ ಬಗ್ದಾದಿಯವರು ಈಜಿಪ್ಟಿನಲ್ಲಿ ಬರಗಾಲದಲ್ಲಿ ಸತ್ತವರ ಅಸ್ಥಿಗಳನ್ನು ಪರೀಕ್ಷಿಸಿ ಇದೇ ಮಾತನ್ನು ಬರೆದಿಟ್ಟಿದ್ದರೆಂಬುದು ಗಮನಾರ್ಹ.

1543ರಲ್ಲಿ, 28ನೇ ವಯಸ್ಸಿನಲ್ಲಿ, ಮಾನವ ದೇಹರಚನೆ ಕುರಿತ ಅವರ ಏಳು ಭಾಗಗಳ ಸಚಿತ್ರ ಮಹಾಗ್ರಂಥ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಅಚ್ಚಾಯಿತು. ಅದರ ಭಾಷೆ ಲ್ಯಾಟಿನ್. ಮುಂದೆ ಅವರು ರಾಜವೈದ್ಯರಾದರು. 1564ರಲ್ಲಿ ಜೆರುಸಲೇಮ್ ಯಾತ್ರೆ ಮುಗಿಸಿ ಮರಳುವಾಗ ಗ್ರೀಸಿನ ಝಾಕಿಂಥೋಸ್ ದ್ವೀಪದಲ್ಲಿ ನಿಧನರಾದರು.

ಕಾಲ ಕಳೆದಂತೆ ಒಂದೇ ಅಂಗಕ್ಕೆ ಹಲವು ಹೆಸರುಗಳು ಹುಟ್ಟಿ ಗೊಂದಲವಾಯಿತು. ಅದೇ ಬಾಸೆಲ್ ನಗರದಲ್ಲಿ 1895ರಲ್ಲಿ ತಜ್ಞರು ಸೇರಿ ಲ್ಯಾಟಿನ್ ಹೆಸರುಗಳ ಒಂದೇ ಪಟ್ಟಿಯನ್ನು ಒಪ್ಪಿಕೊಂಡರು. ಇಂದಿನ ಹೆಸರುಗಳಿಗೆ ಅದೇ ತಳಹದಿ.

ಈಗ ಆ ಹೆಸರುಗಳನ್ನು ಬಿಡಿಸಿ ನೋಡಿರಿ. ನಾವು ಉರ್ದುವಿನಲ್ಲಿ ಸಾಬಿಖಾ, ಕನ್ನಡದಲ್ಲಿ ಉಪಸರ್ಗ ಎಂದು ಕಲಿಯುವುದೇ ಅಲ್ಲಿಯೂ ಇದೆ. ಬೈನುಲ್ ಅಖ್ವಾಮಿ ಎಂಬಲ್ಲಿನ ‘ಬೈನ್’, ಅಂತರರಾಷ್ಟ್ರೀಯ ಎಂಬಲ್ಲಿನ ‘ಅಂತರ್’ ಏನು ಹೇಳುತ್ತವೆಯೋ ಲ್ಯಾಟಿನ್ನಿನ ‘ಇಂಟರ್’ ಅದನ್ನೇ ಹೇಳುತ್ತದೆ: ನಡುವೆ. ‘ಕೋಸ್ಟಾ’ ಎಂದರೆ ಪಕ್ಕೆಲುಬು. ಇಂಟರ್‌ಕೋಸ್ಟಲ್ ಎಂದರೆ ಪಕ್ಕೆಲುಬುಗಳ ನಡುವಿನದು. ‘ಸಬ್’ ಎಂದರೆ ಕೆಳಗೆ, ಉರ್ದುವಿನ ‘ಜೇರ್’ ಇದ್ದಂತೆ. ಸಬ್‌ಕ್ಲೇವಿಯನ್ ರಕ್ತನಾಳ ಕಾಲರ್ ಎಲುಬಿನ ಕೆಳಗಿದೆ. ಕಣ್ಣಿನ ಗೂಡಿನ ಮೇಲಿನದು ಸುಪ್ರಾಆರ್ಬಿಟಲ್, ಕೆಳಗಿನದು ಇನ್ಫ್ರಾಆರ್ಬಿಟಲ್. ‘ಇಂಟ್ರಾ’ ಎಂದರೆ ಒಳಗೆ. ಇಂಟ್ರಾಮಸ್ಕ್ಯುಲರ್ ಇಂಜೆಕ್ಷನ್ ಸ್ನಾಯುವಿನ ಒಳಗೆ ಹೋಗಬೇಕು. ಇಂಟರ್, ಇಂಟ್ರಾ ಕೇಳಲು ಹತ್ತಿರ, ಅರ್ಥ ಬೇರೆ. ಆದ್ದರಿಂದ ಬಾಯಿಪಾಠ ಸಾಲದು, ಅರ್ಥ ತಿಳಿಯಬೇಕು.

1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಶಿರಗುಪ್ಪಿಯಿಂದ ಅದು ದೂರವೇನಲ್ಲ. ದೂರವೆನಿಸುವುದು ಭಾಷೆಯ ಭಯದಿಂದ. ಎರಡು ಭಾಷೆಗಳ ವ್ಯಾಕರಣ ಬಲ್ಲ ನಿಮಗೆ ಲ್ಯಾಟಿನ್ನಿನ ಹತ್ತಿಪ್ಪತ್ತು ಉಪಸರ್ಗಗಳು ಹೊರೆಯೇ? ಒಂದು ಹೆಸರು ಎದುರಾದಾಗ ಅದನ್ನು ಬಿಡಿಸಿರಿ, ಚಿತ್ರದಲ್ಲಿ ಆ ಜಾಗವನ್ನು ಬೆರಳಿಟ್ಟು ಹುಡುಕಿರಿ. ಪೀಠದಿಂದ ಇಳಿದು ಸ್ವತಃ ನೋಡಿದ ಆ ಗುರುವಿನ ದಾರಿಯೂ ಇದೇ.