ಎಸ್. ನಿಜಲಿಂಗಪ್ಪನವರ ಜೀವನ ಮತ್ತು ಒಂದು ಚುನಾವಣೆಯ ಪಾಠ

ದೊಡ್ಡವರೊಬ್ಬರ ಜೀವನದ ಬಗ್ಗೆ ಬರೆಯಲು ಕನ್ನಡದ ಸರ್ ಹೇಳಿದಾಗ ನಾನು ಎಸ್. ನಿಜಲಿಂಗಪ್ಪನವರನ್ನು ಆರಿಸಿಕೊಂಡೆ. ಅದಕ್ಕೆ ಕಾರಣವಿದೆ. ಮೊದಲು ಅದನ್ನು ಹೇಳಿ ಆಮೇಲೆ ಅವರ ಜೀವನಕ್ಕೆ ಬರುತ್ತೇನೆ.

ಈ ವರ್ಷ ವಿದ್ಯಾರ್ಥಿ ಸಂಘಕ್ಕೆ ನಮ್ಮ ವಾಣಿಜ್ಯ ವಿಭಾಗದಿಂದ ಒಬ್ಬರನ್ನು ಆರಿಸಬೇಕಿತ್ತು. ನಾವೆಲ್ಲ ಮಧ್ಯಾಹ್ನ ಊಟದ ಹೊತ್ತಿಗೆ ಕೂತು ಒಂದು ಹೆಸರು ನಿರ್ಧರಿಸಿದೆವು. ಅದು ರಾಣೇಬೆನ್ನೂರಿನಿಂದ ಬರುವ ನನ್ನ ಗೆಳತಿಯ ಹೆಸರು. ಆಕೆ ಟೆಸ್ಟಿನಲ್ಲಿ ಯಾರಿಗೂ ಉತ್ತರ ತೋರಿಸುವುದಿಲ್ಲ, ಮಾತೂ ಸ್ವಲ್ಪ ಖಾರ. ಆದ್ದರಿಂದ ಅರ್ಧ ಕ್ಲಾಸಿಗೆ ಆಕೆಯ ಮೇಲೆ ಸಿಟ್ಟು. ಆದರೂ ಎಲ್ಲರೂ ಕೈ ಎತ್ತಿದೆವು, ನಾನೂ ಎತ್ತಿದೆ. ಮರುದಿನ ಚೀಟಿಯಲ್ಲಿ ನಾನು ಬೇರೆ ಹೆಸರು ಬರೆದೆ. ಆಕೆ 2 ಮತಗಳಿಂದ ಸೋತಳು.

ನಾನು ಬ್ಯಾಡಗಿಯಿಂದ ಬಂದು ಮೋಟೆಬೆನ್ನೂರು ಕ್ರಾಸ್‌ನಲ್ಲಿ ಬಸ್ ಹತ್ತುತ್ತೇನೆ. ಆ ಬಸ್ಸಿನಲ್ಲಿ ಆಕೆ ದಿನಾ ನನಗಾಗಿ ಸೀಟು ಹಿಡಿದಿರುತ್ತಿದ್ದಳು. ಸೋತ ಮರುದಿನವೂ ಹಿಡಿದಿದ್ದಳು. ಹಾವೇರಿ ಬರುವವರೆಗೆ ನನಗೆ ಆಕೆಯ ಮುಖ ನೋಡಲು ಆಗಲಿಲ್ಲ. ಸಂಜೆ ಮನೆಯಲ್ಲಿ ದಾದಾ ಮುಂದೆ ಎಲ್ಲ ಹೇಳಿದೆ. ನಾನು ಆತ್ಮಸಾಕ್ಷಿಯಂತೆ ಮತ ಹಾಕಿದೆ, ಅದು ತಪ್ಪಾ ಎಂದು ಕೇಳಿದೆ. ದಾದಾ ನಕ್ಕುಬಿಟ್ಟರು. ಈ ಮಾತು ತಮ್ಮ ಚಿಕ್ಕಂದಿನಲ್ಲಿ ಇಡೀ ದೇಶದಲ್ಲಿ ಓಡಾಡಿತ್ತು, ಅದರಿಂದ ನಮ್ಮ ನಾಡಿನ ಒಬ್ಬ ಹಿರಿಯರ ಪಕ್ಷವೇ ಒಡೆದುಹೋಯಿತು, ಹೋಗಿ ನಿಜಲಿಂಗಪ್ಪನವರ ಬಗ್ಗೆ ಓದು ಎಂದರು. ಹಾಗೆ ಓದಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲೂಕಿನ ಹಲುವಾಗಲು ಗ್ರಾಮದಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ರಾಣೇಬೆನ್ನೂರು ತಾಲೂಕಿನಿಂದ ತುಂಗಭದ್ರೆ ದಾಟಿದರೆ ಹರಪನಹಳ್ಳಿಯ ಸೀಮೆ. ಅಂದರೆ ಅವರು ನಮಗೆ ಹೊಳೆಯಾಚೆಯ ನೆರೆಯವರು. ಚಿಕ್ಕವರಿದ್ದಾಗಲೇ ತಂದೆ ತೀರಿಹೋದರು. ದಾವಣಗೆರೆ, ಚಿತ್ರದುರ್ಗಗಳಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯಲ್ಲಿ ಕಾನೂನು ಓದಿದರು. ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದರು. 1939ರಲ್ಲಿ ತುರುವನೂರಿನ ಈಚಲು ಮರದ ಸತ್ಯಾಗ್ರಹದಲ್ಲಿ ಮುಂದೆ ನಿಂತು ಜೈಲು ಸೇರಿದರು. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದರು.

ಆ ಕಾಲದಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಧಾರವಾಡ ಜಿಲ್ಲೆಯಲ್ಲಿದ್ದವು, ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. ಕನ್ನಡ ಮಾತನಾಡುವ ಪ್ರದೇಶಗಳು ಒಂದಾಗಬೇಕೆಂದು ದುಡಿದವರಲ್ಲಿ ನಿಜಲಿಂಗಪ್ಪನವರು ಮುಖ್ಯರು. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯವಾದಾಗ ಅವರೇ ಮೊದಲ ಮುಖ್ಯಮಂತ್ರಿಯಾದರು. ನವೆಂಬರ್ 1ರಂದು ನಾವು ಕಾಲೇಜಿನಲ್ಲಿ ಬಾವುಟ ಹಾರಿಸಿ ಸಿಹಿ ತಿನ್ನುವಾಗ ಇದನ್ನು ನೆನೆಯಬೇಕು.

1962ರ ಚುನಾವಣೆಯಲ್ಲಿ ಅವರು ಹೊಸದುರ್ಗದಲ್ಲಿ ಸೋತರು. ಆಗ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದ ಮೇಲೆ ಕಂಠಿಯವರು ಸುಮಾರು 3 ತಿಂಗಳಲ್ಲೇ ಕುರ್ಚಿ ಬಿಟ್ಟುಕೊಟ್ಟರು. ಕೂತ ಕುರ್ಚಿಯನ್ನು ಹೀಗೆ ಬಿಟ್ಟುಕೊಡುವವರು ಕಡಿಮೆ. ಒಮ್ಮೆ ಒಪ್ಪಿದ ಮಾತಿಗೆ ಎಲ್ಲರೂ ನಿಲ್ಲಬೇಕು ಎಂದು ನಿಜಲಿಂಗಪ್ಪನವರು ಮುಂದೆ ಹಟ ಹಿಡಿದದ್ದನ್ನು ಓದುವಾಗ ನನಗೆ ಕಂಠಿಯವರ ನೆನಪಾಯಿತು.

1967ರಲ್ಲಿ ಅವರು ನಮ್ಮ ಶಿಗ್ಗಾಂವಿಯಿಂದ ವಿಧಾನಸಭೆಗೆ ಗೆದ್ದರು. ಅದೇ ವರ್ಷ ನಮ್ಮ ಭಾಗದ ಧಾರವಾಡ ದಕ್ಷಿಣ ಲೋಕಸಭಾ ಕ್ಷೇತ್ರದಿಂದ ಎಫ್. ಎಚ್. ಮೊಹ್ಸಿನ್ ಗೆದ್ದರು. ಇಬ್ಬರದೂ ಕಾಂಗ್ರೆಸ್, ಇಬ್ಬರಿಗೂ ಜೋಡೆತ್ತಿನ ಗುರುತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. 1968ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು, ಮುಖ್ಯಮಂತ್ರಿ ಸ್ಥಾನ ವೀರೇಂದ್ರ ಪಾಟೀಲರಿಗೆ ಹೋಯಿತು.

ಆಗ ಕಾಂಗ್ರೆಸ್ಸಿನ ಹಳೆಯ ನಾಯಕರ ಗುಂಪಿಗೆ ಸಿಂಡಿಕೇಟ್ ಎಂಬ ಹೆಸರಿತ್ತು. ನಿಜ ಹೇಳುತ್ತೇನೆ, ಲೈಬ್ರರಿಯ ಪುಸ್ತಕದಲ್ಲಿ ಇದನ್ನು ಓದಿದಾಗ ನಾನು ಸಿಂಡಿಕೇಟ್ ಬ್ಯಾಂಕಿನ ಡೈರೆಕ್ಟರುಗಳು ಎಂದುಕೊಂಡಿದ್ದೆ! ಕಾಮರಾಜ್, ಎಸ್. ಕೆ. ಪಾಟೀಲ್, ಅತುಲ್ಯ ಘೋಷ್, ಸಂಜೀವ ರೆಡ್ಡಿ, ನಿಜಲಿಂಗಪ್ಪ ಮೊದಲಾದವರು ಈ ಗುಂಪಿನವರು. ಎಲ್ಲವೂ ನಿಧಾನವಾಗಿ, ಪಕ್ಷದ ಹಿರಿಯರನ್ನು ಕೇಳಿ ನಡೆಯಬೇಕು ಎನ್ನುವವರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಈ ಹಿಡಿತ ಬೇಡವಾಗಿತ್ತು.

1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅವರು ದೇಶದ ಮೊದಲ ಮುಸ್ಲಿಂ ರಾಷ್ಟ್ರಪತಿ, ಜಾಮಿಯಾ ಮಿಲ್ಲಿಯಾವನ್ನು ಕಷ್ಟಕಾಲದಲ್ಲಿ ಉಳಿಸಿ ಬೆಳೆಸಿದ ಶಿಕ್ಷಕರು. ಅವರ ಜಾಗಕ್ಕೆ ಯಾರು ಎಂಬ ಪ್ರಶ್ನೆ ಬಂತು. ಜುಲೈ ತಿಂಗಳಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆಯಿತು. ಆಗ ಪಕ್ಷದ ಸಂಸದೀಯ ಮಂಡಳಿ ಸೇರಿತು. ಇಂದಿರಾ ಗಾಂಧಿಯವರು ಜಗಜೀವನ ರಾಮ್ ಅವರ ಹೆಸರು ಹೇಳಿದರು. ಬಹುಮತ ಮಾತ್ರ ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರ ಕಡೆಗೆ ಬಿತ್ತು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ತಾವು ಸ್ವತಂತ್ರರಾಗಿ ನಿಲ್ಲುತ್ತೇವೆ ಎಂದು ಪ್ರಕಟಿಸಿದರು.

ಇಂದಿರಾ ಗಾಂಧಿಯವರು ಸುಮ್ಮನಿರಲಿಲ್ಲ. ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹಿಂದಕ್ಕೆ ಪಡೆದರು. ಜುಲೈ 19ರಂದು 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ನಮ್ಮ ಪಾಠದಲ್ಲಿ ಬರುವ ಬ್ಯಾಂಕುಗಳ ರಾಷ್ಟ್ರೀಕರಣ ಇದೇ. ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಆ 14ರಲ್ಲಿದ್ದವು. ಪರೀಕ್ಷೆಗೆಂದು ಆ ದಿನಾಂಕ ಬಾಯಿಪಾಠ ಮಾಡಿದ್ದ ನನಗೆ ಅದರ ಹಿಂದೆ ಒಂದು ರಾಷ್ಟ್ರಪತಿ ಚುನಾವಣೆ ಇತ್ತೆಂದು ಗೊತ್ತೇ ಇರಲಿಲ್ಲ.

ಇಂದಿರಾ ಗಾಂಧಿಯವರು ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದರು. ಆದರೆ ಪಕ್ಷದ ಸಂಸದರು ಅವರಿಗೇ ಮತ ಹಾಕಬೇಕು ಎಂದು ಆದೇಶ ಕೊಡಲು ಒಪ್ಪಲಿಲ್ಲ. ಅವರ ಕಡೆಯವರು ಆತ್ಮಸಾಕ್ಷಿಯ ಮತ ಎಂಬ ಮಾತು ತಂದರು. ನಿಜಲಿಂಗಪ್ಪನವರು ಇನ್ನೊಂದು ಕಡೆ ಹೆಜ್ಜೆ ಇಟ್ಟರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ. ಡಿ. ದೇಶಮುಖ್ ಅವರನ್ನು ಬೆಂಬಲಿಸಿದ್ದವು. ಈ ದೇಶಮುಖ್ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್. ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರನ್ನು ಕಂಡು, ಅವರ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಸಂಜೀವ ರೆಡ್ಡಿಯವರಿಗೆ ಕೊಡಿಸುವಂತೆ ಕೇಳಿದರು.

ಇಲ್ಲಿ ಹಳೆಯ ಮನಸ್ಸಿನವರೇ ಇಬ್ಭಾಗವಾದರು. ಪಕ್ಷ ಆರಿಸಿದ ಮೇಲೆ ಮುಗಿಯಿತು, ಮತ ಹಾಕಲೇಬೇಕು ಎಂದು ಕೆಲವರು. ಎದುರು ಪಕ್ಷದ ಬಾಗಿಲಿಗೆ ಹೋಗಿ ಮತ ಕೇಳಿದ್ದು ನಮ್ಮ ಪಕ್ಷವೇ ಅಲ್ಲವೇ, ಹಾಗಾದರೆ ನಾವು ಮಾತ್ರ ಯಾಕೆ ಕಟ್ಟುಬೀಳಬೇಕು ಎಂದು ಇನ್ನು ಕೆಲವರು. ಜಗಜೀವನ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಈ ಭೇಟಿಗೆ ವಿವರಣೆ ಕೇಳಿ ನಿಜಲಿಂಗಪ್ಪನವರಿಗೆ ಪತ್ರ ಬರೆದರು. ಬೆಂಗಳೂರಿನಲ್ಲಿ ಸಂಜೀವ ರೆಡ್ಡಿಯವರ ಪರ ನಿಂತಿದ್ದ ವೈ. ಬಿ. ಚವಾಣ್ ಕೂಡ ಕೊನೆಗೆ ಇಂದಿರಾ ಗಾಂಧಿಯವರ ಕಡೆ ಉಳಿದರು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ರಾಷ್ಟ್ರಪತಿ ಚುನಾವಣೆಯಲ್ಲಿ ಸಂಸದರು ಮತ್ತು ಶಾಸಕರು ಅಭ್ಯರ್ಥಿಗಳ ಮುಂದೆ 1, 2, 3 ಎಂದು ಬರೆಯುತ್ತಾರೆ. ಪ್ರತಿ ಮತಕ್ಕೂ ಒಂದು ಮೌಲ್ಯ ಇರುತ್ತದೆ. ಒಟ್ಟು ಮೌಲ್ಯದ ಅರ್ಧಕ್ಕಿಂತ ಹೆಚ್ಚು, ಅಂದರೆ ಆ ಸಲ 4,18,169 ಬೇಕಿತ್ತು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ಸಂಜೀವ ರೆಡ್ಡಿಯವರಿಗೆ 3,13,548, ದೇಶಮುಖ್ ಅವರಿಗೆ 1,12,769 ಬಂದವು. ಯಾರಿಗೂ ಅರ್ಧ ದಾಟಲಿಲ್ಲ. ಆದ್ದರಿಂದ ದೇಶಮುಖ್ ಮತ್ತು ಉಳಿದ ಚಿಕ್ಕ ಅಭ್ಯರ್ಥಿಗಳ ಚೀಟಿಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಿದರು. ಕೊನೆಗೆ ಗಿರಿಯವರಿಗೆ 4,20,077, ಸಂಜೀವ ರೆಡ್ಡಿಯವರಿಗೆ 4,05,427. ಗೆಲುವಿನ ಅಂತರ 14,650 ಮಾತ್ರ.

ನಾನು ಕ್ಯಾಲ್ಕುಲೇಟರ್ ಹಿಡಿದು ಕಳೆದು ನೋಡಿದೆ. ಎರಡನೆಯ ಸುತ್ತಿನಲ್ಲಿ ಸಂಜೀವ ರೆಡ್ಡಿಯವರಿಗೆ 91,879 ಸೇರಿದ್ದರೆ ಗಿರಿಯವರಿಗೆ ಸೇರಿದ್ದು 18,562. ಅಂದರೆ ನಿಜಲಿಂಗಪ್ಪನವರು ಹೊರಗಿನವರಲ್ಲಿ ಕೇಳಿದ ಮತಗಳು ಬಹುಪಾಲು ಬಂದವು. ಅವರಿಗೆ ಕೈಕೊಟ್ಟದ್ದು ಮನೆಯೊಳಗಿನ ಮತಗಳು. ಹೊರಗೆ ಕೇಳಿದ ತಪ್ಪಿಗೆ ಒಳಗಿನವರು ದೂರವಾದರು ಎಂದೂ ಹೇಳಬಹುದು, ಒಳಗಿನವರನ್ನು ನಂಬುವಂತಿರಲಿಲ್ಲ ಎಂದು ಹೊರಗೆ ಕೇಳಿದರು ಎಂದೂ ಹೇಳಬಹುದು. ಜಮೆ ಖರ್ಚು ಎರಡೂ ಒಂದೇ ಪುಟದಲ್ಲಿದೆ.

ನವೆಂಬರ್ 12ರಂದು ನಿಜಲಿಂಗಪ್ಪನವರು ಪಕ್ಷದ ಅಧ್ಯಕ್ಷರಾಗಿ ದೇಶದ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಕಾಂಗ್ರೆಸ್ ಎರಡಾಯಿತು. ಜೋಡೆತ್ತಿನ ಗುರುತು ಇಬ್ಬರಿಗೂ ಸಿಗಲಿಲ್ಲ. ಇಂದಿರಾ ಗಾಂಧಿಯವರ ಪಕ್ಷಕ್ಕೆ ಹಸು ಮತ್ತು ಕರು, ನಿಜಲಿಂಗಪ್ಪನವರ ಪಕ್ಷಕ್ಕೆ ಚರಕದಲ್ಲಿ ನೂಲುವ ಹೆಂಗಸು. ನನ್ನ ದಾದಾ ಆಗ ಹುಡುಗ. ಅವರ ಅಬ್ಬಾ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಚಕ್ಕಡಿಗಳು ಸಾಲಾಗಿ ನಿಲ್ಲುತ್ತಿದ್ದ ಆ ಪೇಟೆಯಲ್ಲಿ ಓದು ಬರದವರು ಜೋಡೆತ್ತು ನೋಡಿ ಮತ ಹಾಕುತ್ತಿದ್ದರಂತೆ. ಎತ್ತು ಎಲ್ಲಿ ಹೋದವು ಎಂದು ದಲಾಲಿ ಅಂಗಡಿಗಳ ಮುಂದೆ ರೈತರು ಕೇಳುತ್ತಿದ್ದುದು ದಾದಾಗೆ ಇನ್ನೂ ನೆನಪಿದೆ.

1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಇಂದಿರಾ ಗಾಂಧಿಯವರ ಪಕ್ಷವೇ ಗೆದ್ದಿತು. ನಮ್ಮ ಧಾರವಾಡ ದಕ್ಷಿಣದಲ್ಲಿ ಮತ್ತೆ ಮೊಹ್ಸಿನ್ ಗೆದ್ದರು, ಈ ಸಲ ಹಸು ಕರುವಿನ ಗುರುತಿನಲ್ಲಿ. 1967ರಲ್ಲಿ ಒಂದೇ ಗುರುತಿನಲ್ಲಿ ನಮ್ಮ ಭಾಗದಿಂದ ಗೆದ್ದ ಇಬ್ಬರು 4 ವರ್ಷಗಳಲ್ಲಿ ಎರಡು ಕಡೆಯವರಾಗಿದ್ದರು. ತಾವು ಕಟ್ಟಲು ದುಡಿದ ರಾಜ್ಯದಲ್ಲೇ ನಿಜಲಿಂಗಪ್ಪನವರ ಪಕ್ಷಕ್ಕೆ ಒಂದು ಸ್ಥಾನವೂ ಸಿಗಲಿಲ್ಲ. ಕ್ರಮೇಣ ಅವರು ರಾಜಕೀಯದಿಂದ ದೂರವಾದರು. 1977ರಲ್ಲಿ ಅದೇ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಅಂದು ಅಷ್ಟು ಜಗಳ ತಂದ ಹೆಸರಿಗೆ 8 ವರ್ಷಗಳ ನಂತರ ಎದುರಾಳಿಯೇ ಇರಲಿಲ್ಲ.

ನಿಜಲಿಂಗಪ್ಪನವರು 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ತೀರಿಕೊಂಡರು. ಆಗ ಅವರಿಗೆ 97 ವರ್ಷ. ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿ ಅವರ ಸ್ಮಾರಕವಿದೆ.

ಇದನ್ನೆಲ್ಲ ಓದಿದ ಮೇಲೆ ನನ್ನ ಪ್ರಶ್ನೆಗೆ ಉತ್ತರ ಹುಡುಕಿದೆ. ಇಂದಿರಾ ಗಾಂಧಿಯವರು ಬೆಂಗಳೂರಿನ ಸಭೆಯಲ್ಲೇ ಬೇರೆ ಹೆಸರು ಹೇಳಿದ್ದರು, ಅವರ ಮನಸ್ಸು ಎದುರಿನವರಿಗೆ ಗೊತ್ತಿತ್ತು. ಆಮೇಲೆ ನಾಮಪತ್ರಕ್ಕೆ ಸಹಿ ಹಾಕಿದ್ದು ನನಗೆ ಇನ್ನೂ ಸರಿ ಅನಿಸುವುದಿಲ್ಲ. ನಿಜಲಿಂಗಪ್ಪನವರು ಕೊಟ್ಟ ಮಾತಿಗೆ ಕೊನೆಯವರೆಗೆ ನಿಂತರು, ಆದರೆ ತಮ್ಮವರೇ ಯಾಕೆ ಒಪ್ಪುತ್ತಿಲ್ಲ ಎಂದು ಸಾಕಷ್ಟು ಕೇಳಿಕೊಳ್ಳಲಿಲ್ಲ ಅನಿಸುತ್ತದೆ. ನಾನೋ, ಸಭೆಯಲ್ಲಿ ಬಾಯಿ ಬಿಡದೆ ಕೈ ಎತ್ತಿದವಳು. ಬೇರೆ ಹೆಸರು ಬರೆದದ್ದಕ್ಕೆ ನಿಜವಾದ ಕಾರಣ ಆತ್ಮಸಾಕ್ಷಿಯಲ್ಲ. ಗೆಳತಿ ನನಗಿಂತ ಮುಂದೆ ಹೋಗುತ್ತಾಳೆ ಎಂಬ ಹೊಟ್ಟೆಕಿಚ್ಚು. ಅದಕ್ಕೆ ನಾನು ಒಳ್ಳೆಯ ಹೆಸರು ಇಟ್ಟುಕೊಂಡಿದ್ದೆ. ಆತ್ಮಸಾಕ್ಷಿ ಇದ್ದಿದ್ದರೆ ಅದು ಕೈ ಎತ್ತುವ ಹೊತ್ತಿಗೇ ಮಾತಾಡಬೇಕಿತ್ತು.

ಕಳೆದ ಸೋಮವಾರ ಬಸ್ಸಿನಲ್ಲಿ ಗೆಳತಿಗೆ ಎಲ್ಲ ಹೇಳಿ ಮಾಫಿ ಕೇಳಿದೆ. ಆಕೆ ಹಾವೇರಿ ಬಸ್ ಸ್ಟ್ಯಾಂಡ್ ಬರುವವರೆಗೆ ಮಾತಾಡಲಿಲ್ಲ. ಇಳಿಯುವಾಗ, ಮೊದಲೇ ಹೇಳಿದ್ದರೆ ತಾನು ನಿಲ್ಲುತ್ತಲೇ ಇರಲಿಲ್ಲ ಎಂದಳು. ಮಂಗಳವಾರ ಸೀಟು ಹಿಡಿದಿರಲಿಲ್ಲ. ಬುಧವಾರ ಹಿಡಿದಿದ್ದಳು. ಈ ಲೇಖನ ಕೊಡುವ ಮೊದಲು ಆಕೆಗೇ ತೋರಿಸಿದ್ದೇನೆ. ತನ್ನ ಮಾತು ಖಾರ ಎಂದು ಬರೆದದ್ದನ್ನು ತೆಗೆಯಬೇಡ, ಅದು ನಿಜ ಎಂದಳು.